ಬ್ಲೇಡು ನಮ್ಮ ಕಡೆಗೇ ಓಡಿ ಬರುವ ಗರಗಸ: ಯಾವ ಕೊಯ್ತಕ್ಕೆ ಸೈ, ಯಾವುದಕ್ಕೆ ಬೇಡ

ಪ್ರಶ್ನೆ: ನಾನು ಪೆನ್ಸಿಲ್ವೇನಿಯಾದಲ್ಲಿದ್ದೇನೆ. ಪಕ್ಕದ ಮನೆಯ ಅಜ್ಜ ಮನೆ ಮಾರಿ ಹೋಗುವಾಗ ತಮ್ಮ ಗ್ಯಾರೇಜಿನಲ್ಲಿದ್ದ 10 ಇಂಚಿನ ರೇಡಿಯಲ್ ಆರ್ಮ್ ಸಾ ಅನ್ನುವ ಕರೆಂಟಿನ ಗರಗಸ ನನಗೆ ಕೊಟ್ಟರು. 1970ರ ದಶಕದ್ದಂತೆ. ಕೈಗರಗಸ, ಡ್ರಿಲ್ಲು ಹಿಡಿದು ಮಣೆ, ಸ್ಟೂಲು ಮಾಡಿದ ಅಭ್ಯಾಸ ನನಗಿದೆ. ಈಗ ಒಂದು ಪುಸ್ತಕದ ಕಪಾಟು, ಆಮೇಲೆ ದೇವರ ಮಂಟಪ ಮಾಡುವ ಆಸೆ. ಇದೊಂದೇ ಯಂತ್ರದಲ್ಲಿ ಅಡ್ಡಕ್ಕೆ, ಉದ್ದಕ್ಕೆ, ಓರೆಯಾಗಿ ಎಲ್ಲಾ ಕೊಯ್ಯಬಹುದು, ತೋಡೂ ತೆಗೆಯಬಹುದು ಅಂತ ಆ ಅಜ್ಜ ಹೇಳಿದರು. ನನ್ನ ಯಜಮಾನರು ಮಾತ್ರ "ಅದು ಬೆರಳು ತೆಗೆಯೋ ಮಿಷನ್ನು, ಗುಜರಿಗೆ ಹಾಕು" ಅಂತಾರೆ. ಯಾರ ಮಾತು ಕೇಳಲಿ? 12 ವರ್ಷದ ಮಗನೂ ಪಕ್ಕದಲ್ಲಿ ನಿಂತು ನೋಡ್ತೀನಿ ಅಂತ ಹಟ ಮಾಡ್ತಿದ್ದಾನೆ.

ಉತ್ತರ: ಇಬ್ಬರದ್ದೂ ಅರ್ಧರ್ಧ ಕೇಳಿ. ಅಜ್ಜ ಹೇಳಿದ ಎಲ್ಲಾ ಕೆಲಸವನ್ನೂ ಈ ಯಂತ್ರ ಮಾಡುತ್ತದೆ, ನಿಜ. ಆದರೆ ಅದು ಚೆನ್ನಾಗಿ ಮಾಡುವುದು ಒಂದೂವರೆ ಕೆಲಸ ಮಾತ್ರ. ಅಡ್ಡ ಕೊಯ್ತ ಒಂದು, ತೋಡು ಅರ್ಧ. ಉಳಿದದ್ದನ್ನೆಲ್ಲಾ ಇದರಿಂದಲೇ ಮಾಡಿಸಲು ಹೋದವರಿಂದಲೇ ಇದಕ್ಕೆ ಬೆರಳು ತೆಗೆಯೋ ಮಿಷನ್ನು ಅನ್ನುವ ಹೆಸರು ಬಂತು ಅನ್ನುವುದು ನನ್ನ ಅಭಿಪ್ರಾಯ. ಅಮೆರಿಕದಲ್ಲೇ ಒಂದು ಕಪಾಟು ಮಾಡುವ ಕಾರ್ಖಾನೆಯಲ್ಲಿ ಬಹಳ ವರ್ಷ ಇದರ ಮುಂದೆ ನಿಂತಿದ್ದೆ. ಊರಲ್ಲಿ ನಮ್ಮದು ಆಚಾರ್ರ ಮನೆತನ. ಕೈಗರಗಸ ಹಿಡಿದು ಬೆಳೆದವನಿಗೆ ಈ ಯಂತ್ರ ಮೊದಲು ಪೂರಾ ಉಲ್ಟಾ ಅನ್ನಿಸಿತ್ತು. ಯಾಕೆ ಅಂತ ಹೇಳುತ್ತೇನೆ.

ಮೊದಲು ಒಂದು ಸಣ್ಣ ಸುದ್ದಿ. ನಿಮ್ಮ ರಾಜ್ಯಕ್ಕೂ ಈ ಗರಗಸಕ್ಕೂ ನಂಟಿದೆ. 1922ರಲ್ಲಿ ರೇಮಂಡ್ ಡಿವಾಲ್ಟ್ ಇದನ್ನು ರೂಪಿಸಿದರು. ಎರಡು ವರ್ಷದ ನಂತರ ಪೆನ್ಸಿಲ್ವೇನಿಯಾದ ಲಿಯೋಲಾ ಅನ್ನುವ ಸಣ್ಣ ಊರಲ್ಲಿ ಕಂಪನಿ ಶುರುವಾಯಿತು. ಇವತ್ತು ಹಳದಿ ಡ್ರಿಲ್ಲುಗಳ ಮೇಲೆ ಕಾಣುವ ಡಿವಾಲ್ಟ್ ಅದೇ. ಒಂದೇ ಯಂತ್ರ ಹಲವು ಕೆಲಸ ಮಾಡುತ್ತದೆ ಅಂತ ಅದಕ್ಕೆ 'ವಂಡರ್ ವರ್ಕರ್' ಅಂತ ಹೆಸರಿಟ್ಟಿದ್ದರು. ಆ ಹೆಸರೇ ಜನರಿಗೆ ಜಾಸ್ತಿ ಧೈರ್ಯ ಕೊಟ್ಟಿತೋ ಏನೋ.

ಈಗ ಪ್ಲಗ್ ಕಿತ್ತು ಯಂತ್ರದ ಮುಂದೆ ನಿಲ್ಲಿ. ಹಿಂದೆ ಒಂದು ಕಂಬ. ಕಂಬದಿಂದ ನಿಮ್ಮ ಕಡೆಗೆ ಚಾಚಿದ ಕಬ್ಬಿಣದ ತೋಳು. ತೋಳಿನ ಕೆಳಗೆ ಸಣ್ಣ ಗಾಲಿಗಳ ಮೇಲೆ ಹಿಂದೆ ಮುಂದೆ ಓಡುವ ಮೋಟರು. ಮೋಟರಿನ ದಂಡಕ್ಕೇ ಬಿಗಿದ ಬ್ಲೇಡು. ಮೇಜಿನ ಹಿಂಬದಿಯಲ್ಲಿ ಅಡ್ಡಕ್ಕೆ ನಿಂತ ಮರದ ಪಟ್ಟಿಗೆ ಫೆನ್ಸ್ ಅನ್ನುತ್ತಾರೆ. ಕೊಯ್ಯುವ ಹಲಗೆ ಇದಕ್ಕೆ ಒತ್ತಿಕೊಂಡು ಕೂರುತ್ತದೆ.

ಬ್ಲೇಡಿನ ಮೇಲಿನ ಮುಚ್ಚಳದಲ್ಲಿ ಒಂದು ಬಾಣ ಇರುತ್ತದೆ. ಅಳಿಸಿ ಹೋಗಿದ್ದರೆ ಕೈಪಿಡಿ ನೋಡಿ ಬಿಳಿ ಬಣ್ಣದಲ್ಲಿ ಮತ್ತೆ ಬರೆಯಿರಿ. ಆ ಬಾಣ ಹೇಳುವುದು ಇಷ್ಟು: ನಿಮ್ಮ ಕಡೆಗಿರುವ ಅಂಚಿನಲ್ಲಿ ಹಲ್ಲುಗಳು ಮೇಲಿಂದ ಕೆಳಗೆ ಇಳಿಯುತ್ತವೆ. ತಳದಲ್ಲಿ ನಿಮ್ಮಿಂದ ದೂರಕ್ಕೆ, ಫೆನ್ಸಿನ ಕಡೆಗೆ ಓಡುತ್ತವೆ. ಹಿಂದಿನ ಅಂಚಿನಲ್ಲಿ ಮೇಲಕ್ಕೆ ಏಳುತ್ತವೆ. ಈ ಮೂರು ಮಾತು ಬಾಯಿಪಾಠ ಆಗಲಿ. ಮುಂದೆ ನಾನು ಹೇಳುವ ಎಲ್ಲಾ ಎಚ್ಚರಿಕೆಯೂ ಇದರಿಂದಲೇ ಹುಟ್ಟುತ್ತದೆ.

ಅಡ್ಡ ಕೊಯ್ಯುವಾಗ ಬ್ಲೇಡನ್ನು ಹಿಂದಿನಿಂದ ನಿಮ್ಮ ಕಡೆಗೆ ಎಳೆಯುತ್ತೀರಿ. ಇಳಿಯುವ ಹಲ್ಲು ಮರವನ್ನು ಕೆಳಕ್ಕೆ ಒತ್ತುತ್ತದೆ, ಫೆನ್ಸಿಗೂ ದೂಡುತ್ತದೆ. ಇದು ಒಳ್ಳೆಯದೇ, ಮರ ತಾನಾಗಿ ಗಟ್ಟಿ ಕೂರುತ್ತದೆ. ಆದರೆ ಅದೇ ಹೊತ್ತಿಗೆ ಬ್ಲೇಡು ರಸ್ತೆಯ ಮೇಲಿನ ಚಕ್ರದ ಹಾಗೆ ಮರದ ಮೇಲೆ ಹತ್ತಿ ನಿಮ್ಮ ಕಡೆಗೆ ಓಡಿ ಬರಲು ನೋಡುತ್ತದೆ. ಕೈಗರಗಸದಲ್ಲಿ ನಾವು ಕಸುವು ಹಾಕಿ ಮುಂದೆ ನೂಕಬೇಕು. ಇಲ್ಲಿ ಗರಗಸಕ್ಕೇ ಅವಸರ. ನಾವು ಹಿಡಿದು ನಿಧಾನ ಮಾಡಬೇಕು. ಇಳಿಜಾರಿನಲ್ಲಿ ಎತ್ತಿನ ಗಾಡಿಯ ಹಗ್ಗ ಹಿಂದಕ್ಕೆ ಹಿಡಿದುಕೊಂಡೇ ಇಳಿಸುವುದಿಲ್ವಾ, ಹಾಗೆ. ಬಲಗೈಯ ಮೊಣಕೈ ನೆಟ್ಟಗಿಟ್ಟು, ತೋಳನ್ನು ಗಟ್ಟಿ ಮಾಡಿ, ಮೈಯನ್ನು ನಿಧಾನ ಹಿಂದಕ್ಕೆ ವಾಲಿಸುತ್ತಾ ಎಳೆಯಿರಿ. ಮೊಣಕೈ ಮಡಚಿ ಸಡಿಲ ಹಿಡಿದರೆ ಗಂಟು ಸಿಕ್ಕಿದಾಗ ಅದು ದಡಕ್ಕನೆ ನೆಗೆಯುತ್ತದೆ. ಎಷ್ಟೋ ಸಲ ಮರದಲ್ಲಿ ಕಚ್ಚಿಕೊಂಡು ಮೋಟರೇ ನಿಲ್ಲುತ್ತದೆ. ಹಾಗಾದರೆ ಗಾಬರಿ ಬೇಡ. ಸ್ವಿಚ್ಚು ಆರಿಸಿ, ಪ್ಲಗ್ ಕಿತ್ತು, ಹಿಂದಕ್ಕೆ ತಳ್ಳಿ ಬಿಡಿಸಿ.

ಆ ಹಲ್ಲುಗಳ ವೇಗದ ಒಂದು ಅಂದಾಜು ಇರಲಿ. ಅಲ್ಲಿನ ಕರೆಂಟಿನಲ್ಲಿ ಇಂಥ ಮೋಟರು ನಿಮಿಷಕ್ಕೆ ಸುಮಾರು 3450 ಸುತ್ತು ತಿರುಗುತ್ತದೆ. 10 ಇಂಚಿನ ಬ್ಲೇಡಿನ ಅಂಚು ಹಾಗಾದರೆ ಗಂಟೆಗೆ ಸುಮಾರು 165 ಕಿಲೋಮೀಟರ್ ಓಡುತ್ತದೆ. ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇನೆ ಅನ್ನುವ ನಂಬಿಕೆ ಇದ್ದರೆ ಬಿಡಿ. ಕೈ ಅಲ್ಲಿಗೆ ಹೋಗದ ಹಾಗೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳುವುದೊಂದೇ ದಾರಿ.

ಯಂತ್ರಕ್ಕೆ ಕರೆಂಟು ಕೊಡುವ ಮೊದಲು ಮಾಡೆಲ್ ನಂಬರು ಹುಡುಕಿ. ಯಾಕೆಂದರೆ 1958ರಿಂದ 1992ರ ತನಕ ಸಿಯರ್ಸ್ ಅಂಗಡಿಗಳಲ್ಲಿ ಕ್ರಾಫ್ಟ್ಸ್‌ಮನ್ ಹೆಸರಲ್ಲಿ ಮಾರಾಟವಾದ ಸುಮಾರು 37 ಲಕ್ಷ ರೇಡಿಯಲ್ ಗರಗಸಗಳನ್ನು, ತಯಾರಿಸಿದ ಎಮರ್ಸನ್ ಕಂಪನಿ 2000ದ ನವೆಂಬರಿನಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಜೊತೆ ಸೇರಿ ರೀಕಾಲ್ ಮಾಡಿತು, ಅಂದರೆ ದೋಷ ಇದೆ ಅಂತ ಸರಿಪಡಿಸಲು ವಾಪಸು ಕರೆಯಿತು. ಬ್ಲೇಡನ್ನು ಪೂರ್ತಿ ಮುಚ್ಚುವ ಗಾರ್ಡ್ ಅವುಗಳಿಗೆ ಇರಲಿಲ್ಲ ಅನ್ನುವುದು ಕಾರಣ. ಹೊಸ ಗಾರ್ಡಿನ ಕಿಟ್ ಪುಕ್ಕಟೆ ಕೊಟ್ಟರು. ಗಾರ್ಡ್ ಹೊಂದದ ಮಾಡೆಲುಗಳಿಗೆ ಮೋಟರಿನ ಭಾಗ ವಾಪಸು ಮಾಡಿದರೆ 100 ಡಾಲರ್ ಕೊಟ್ಟರು. ನಿಮ್ಮದು ಆ ಪಟ್ಟಿಯಲ್ಲಿದ್ದು, ಹಳೆಯ ಅರೆಮುಚ್ಚಳವೇ ಇನ್ನೂ ಇದ್ದರೆ, ಹೊಸ ಗಾರ್ಡ್ ಸಿಗುವ ತನಕ ಪ್ಲಗ್ ಹಾಕಬೇಡಿ. ಇಷ್ಟರ ಮಟ್ಟಿಗೆ ನಿಮ್ಮ ಯಜಮಾನರ ಮಾತು ಸರಿ.

ಇನ್ನು ಬ್ಲೇಡು. ಅಜ್ಜನ ಯಂತ್ರದಲ್ಲಿ ಯಾವ ಬ್ಲೇಡಿದೆಯೋ ಅದನ್ನು ಬಿಚ್ಚಿ ಎತ್ತಿಡಿ. ಟೇಬಲ್ ಸಾಗೆ (ಬ್ಲೇಡು ಮೇಜಿನ ಅಡಿಯಿಂದ ಮೇಲೆ ಚಾಚಿರುವ ಗರಗಸ) ಬರುವ, ಉದ್ದಕ್ಕೆ ಸೀಳುವ 24 ಹಲ್ಲಿನ ಬ್ಲೇಡಾಗಿದ್ದರಂತೂ ಅಡ್ಡ ಕೊಯ್ತಕ್ಕೆ ಅದು ಶತ್ರು. ಅದರ ಹಲ್ಲುಗಳು ಮುಂದಕ್ಕೆ ಬಾಗಿರುತ್ತವೆ, ಕೊಕ್ಕೆಯ ಹಾಗೆ. ಕೊಕ್ಕೆ ಜಾಸ್ತಿ ಇದ್ದಷ್ಟೂ ಬ್ಲೇಡು ಮರವನ್ನು ಕಚ್ಚಿ ಎಳೆಯುತ್ತದೆ, ನಿಮ್ಮ ಮೇಲೆ ಓಡಿ ಬರುವ ಚಟವೂ ಜಾಸ್ತಿ. ಅಂಗಡಿಯಲ್ಲಿ ಹುಕ್ ಆಂಗಲ್, ಅಂದರೆ ಹಲ್ಲು ಬಾಗಿರುವ ಕೋನ, ಎಷ್ಟು ಅಂತ ಕೇಳಿ. ಸೊನ್ನೆಯ ಆಸುಪಾಸು, ಇಲ್ಲವೇ ಮೈನಸ್ 5 ಡಿಗ್ರಿ ಇರಬೇಕು. 60 ಹಲ್ಲಿನದ್ದು ಸಾಕು. ರೇಡಿಯಲ್ ಅಥವಾ ಮೈಟರ್ ಸಾಗೆ (ಮೇಲಿಂದ ಇಳಿದು ಅಡ್ಡಕ್ಕೆ, ಓರೆಗೆ ಕೊಯ್ಯುವ ಗರಗಸ) ಅಂತಲೇ ಮಾರುವ ಬ್ಲೇಡು ತೆಗೆದುಕೊಂಡರೆ ಲೆಕ್ಕ ಸರಿಹೋಗುತ್ತದೆ. ಈ ಯಂತ್ರದ ಮೇಲೆ ನೀವು ಖರ್ಚು ಮಾಡುವ ಮೊದಲ ದುಡ್ಡು ಇದೇ ಆಗಲಿ.

ಈಗ ನನ್ನ ಎಡಗೈ ಹೆಬ್ಬೆರಳಿನ ಕತೆ. ಅದರ ಉಗುರು ಇವತ್ತಿಗೂ ಓರೆಯಾಗಿಯೇ ಬೆಳೆಯುತ್ತದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒಂದೇ ಅಳತೆಯ ಪಟ್ಟಿಗಳು, ನೂರಾರು. ಎಳೆ, ತಳ್ಳು, ತೆಗೆ, ಇಡು. ಕೈಗೆ ಲಯ ಸಿಕ್ಕಿಬಿಟ್ಟಿತ್ತು, ತಲೆ ಎಲ್ಲೋ ಇತ್ತು. ಬ್ಲೇಡು ಫೆನ್ಸಿನ ಹಿಂದೆ ಹೋಗಿದೆ ಅಂತ ತುಂಡು ತೆಗೆಯಲು ಕೈ ಹಾಕಿದೆ. ಹೋಗಿತ್ತು, ನಿಜ. ಆದರೆ ಯಾರೋ ಮೇಜು ಜರುಗಿಸಿದ್ದರಿಂದ ಆ ಯಂತ್ರ ಒಂದು ಕೂದಲೆಳೆಯಷ್ಟು ಮುಂದಕ್ಕೆ ವಾಲಿತ್ತು. ತಿರುಗುವ ಮೋಟರಿನ ನಡುಕಕ್ಕೆ ಬ್ಲೇಡು ತಾನಾಗಿ ಮೆಲ್ಲಗೆ ಮುಂದೆ ಬಂತು. ಉಗುರು, ಒಂಚೂರು ಮಾಂಸ. ಅಷ್ಟಕ್ಕೇ ಮುಗಿದದ್ದು ನನ್ನ ಪುಣ್ಯ.

ಆಮೇಲೆ ಗೊತ್ತಾದದ್ದು, ಈ ಅಪಾಯ ಹಳೆಯದು, ಬರೆದಿಟ್ಟದ್ದು. ಅಮೆರಿಕದ ಕಾರ್ಖಾನೆಗಳಿಗೆ ಓಶಾ, ಅಂದರೆ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ, ಮಾಡಿರುವ ನಿಯಮದಲ್ಲೇ ಇದೆ: ಯಂತ್ರದ ಮುಂಭಾಗ ಹಿಂಭಾಗಕ್ಕಿಂತ ಸ್ವಲ್ಪ ಎತ್ತರ ಇರಬೇಕು, ಕೈಬಿಟ್ಟರೆ ಬ್ಲೇಡು ತಾನಾಗಿ ಮೆಲ್ಲಗೆ ಹಿಂದಕ್ಕೆ ಹೋಗಿ ಕೂರಬೇಕು. ಮನೆಯ ಗ್ಯಾರೇಜಿಗೆ ಈ ಕಾನೂನು ಬರುವುದಿಲ್ಲ. ಆದರೂ ಮಾಡಿ. ಮುಂದಿನ ಎರಡು ಕಾಲಿನ ಕೆಳಗೆ ತೆಳು ತಗಡು ಇಲ್ಲವೇ ಪ್ಲೈವುಡ್ ಚೂರು ಕೊಟ್ಟರೆ ಆಯಿತು. ಪ್ಲಗ್ ಕಿತ್ತ ಮೇಲೆ ಬ್ಲೇಡನ್ನು ಅರ್ಧ ದಾರಿಗೆ ತಂದು ಕೈಬಿಟ್ಟು, ಹಿಂದಕ್ಕೆ ಜಾರುತ್ತದಾ ನೋಡಿ. ಗ್ಯಾರೇಜಿನ ನೆಲ ನೀರು ಹೋಗಲಿ ಅಂತ ಬಾಗಿಲ ಕಡೆಗೆ ಇಳಿಜಾರಾಗಿರುತ್ತದೆ, ಅದನ್ನು ಮರೆಯಬೇಡಿ. ಗಾಲಿಗಳು ತೋಳಿನಲ್ಲಿ ಅಲುಗಾಡಿದರೆ ಅದನ್ನೂ ಬಿಗಿ ಮಾಡಬೇಕು. ಸಡಿಲ ಗಾಲಿ ಅಂದರೆ ಬ್ಲೇಡು ಎಲ್ಲಿಗೆ ಬೇಕಾದರೂ ನೆಗೆಯಬಹುದು ಅಂತ ಅರ್ಥ.

ಫೆನ್ಸಿಗೂ ಬ್ಲೇಡು ಓಡುವ ದಾರಿಗೂ ಮೂಲೆಮಟ್ಟ ಇಟ್ಟು ನೋಡಿ. ಒಂದು ಹಲ್ಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಅದೇ ಹಲ್ಲು ಮಟ್ಟದ ಉದ್ದಕ್ಕೂ ಒಂದೇ ಥರ ತಾಕುತ್ತಾ ಬರಬೇಕು. ಇದು ಬರೀ ಅಂದಕ್ಕೆ ಅಂದುಕೊಳ್ಳಬೇಡಿ. ಬ್ಲೇಡು ತನ್ನ ದಾರಿಗೆ ಓರೆಯಾಗಿದ್ದರೆ ಅದರ ಹಿಂಬದಿ ಮರವನ್ನು ಉಜ್ಜುತ್ತದೆ, ಸುಡುತ್ತದೆ, ಕಚ್ಚಿಕೊಳ್ಳುತ್ತದೆ.

ಈಗ ಅಡ್ಡ ಕೊಯ್ತ. ನಿಮ್ಮ ಕಪಾಟಿಗೆ ಮುಕ್ಕಾಲು ಪಾಲು ಕೆಲಸ ಇದೇ, ಹಾಗಾಗಿ ಇಲ್ಲೇ ಸ್ವಲ್ಪ ಹೊತ್ತು ನಿಲ್ಲೋಣ. ಹೆಚ್ಚಿನ 10 ಇಂಚಿನ ಯಂತ್ರಗಳು ಸುಮಾರು 3 ಇಂಚು ದಪ್ಪ, 12ರಿಂದ 15 ಇಂಚು ಅಗಲದ ಹಲಗೆಯನ್ನು ಒಂದೇ ಎಳೆತಕ್ಕೆ ಕೊಯ್ಯುತ್ತವೆ. ಹತ್ತು ಅಡಿ ಉದ್ದದ ಹಲಗೆ ಮೇಜಿನ ಮೇಲೆ ಸುಮ್ಮನೆ ಮಲಗಿರುತ್ತದೆ, ಬ್ಲೇಡು ಮಾತ್ರ ಓಡಾಡುತ್ತದೆ. ಉದ್ದ ಹಲಗೆಗೆ ಇಷ್ಟು ಆರಾಮ ಟೇಬಲ್ ಸಾ ಕೊಡುವುದಿಲ್ಲ. ಎರಡೂ ತುದಿಗೆ ಆಸರೆ ಮಾತ್ರ ಇರಬೇಕು. ತೂಗಾಡುವ ತುದಿ ಕೊಯ್ಯುತ್ತಾ ಬಂದ ಹಾಗೆ ಕೆಳಗೆ ಬಾಗಿ ಬ್ಲೇಡನ್ನು ಹಿಸುಕುತ್ತದೆ.

ಮೇಜಿನ ಮೇಲೆ ಕಾಲು ಇಂಚಿನ ಅಗ್ಗದ ಪ್ಲೈವುಡ್ ಹಾಸು ಹೊಡೆಯಿರಿ. ಬ್ಲೇಡು ಈ ಹಾಸಿಗೆ ಒಂದೆರಡು ಮಿಲಿಮೀಟರ್ ಇಳಿಯುವಷ್ಟು ತೋಳು ತಗ್ಗಿಸಿ. ಅದಕ್ಕಿಂತ ಜಾಸ್ತಿ ಇಳಿಸಿ ಏನೂ ಪ್ರಯೋಜನ ಇಲ್ಲ. ಮೊಳೆ ಮಾತ್ರ ಬ್ಲೇಡಿನ ದಾರಿಯಿಂದ ದೂರ ಇರಲಿ.

ಬ್ಲೇಡಿನ ದಾರಿಯ ಎರಡೂ ಪಕ್ಕಕ್ಕೆ ಒಂದೊಂದು ಗೇಣು ಅಳೆದು ಹಾಸಿನ ಮೇಲೆ ಕೆಂಪು ಗೆರೆ ಎಳೆಯಿರಿ. ಬ್ಲೇಡು ತಿರುಗುತ್ತಿರುವಾಗ ಆ ಗೆರೆಗಳ ಒಳಗೆ ಕೈ ಹೋಗಬಾರದು, ಯಾವ ಕಾರಣಕ್ಕೂ. ಪುಸ್ತಕಗಳು ಆರು ಇಂಚು ಸಾಕು ಅನ್ನುತ್ತವೆ. ನನಗೆ ಗೇಣೇ ಇಷ್ಟ, ಅಳೆಯಲು ಪಟ್ಟಿ ಬೇಡ ನೋಡಿ. ಹಿಡಿಯಬೇಕಾದ ತುಂಡು ಗೆರೆಯ ಹೊರಗೆ ಬರುವಷ್ಟು ಉದ್ದ ಇಲ್ಲ ಅಂದರೆ ಅದನ್ನು ಕೈಗರಗಸದಲ್ಲಿ ಕೊಯ್ಯಿರಿ, ಇಲ್ಲವೇ ಕ್ಲ್ಯಾಂಪು ಹಾಕಿ. ಎರಡಿಂಚಿನ ತುಂಡುಗಳು ಬೇಕಿದ್ದರೆ ಉದ್ದ ಪಟ್ಟಿಯ ತುದಿಯಿಂದ ಕೊಯ್ಯುತ್ತಾ ಬನ್ನಿ, ಉದ್ದ ಭಾಗವನ್ನು ಹಿಡಿದುಕೊಳ್ಳಿ.

ಎಡಗೈಯಲ್ಲಿ ಮರ, ಬಲಗೈಯಲ್ಲಿ ಹಿಡಿ. ಮರದ ಉದ್ದ ಭಾಗ ಬಲಗಡೆಗೆ ಬಂದರೆ ಕೈ ಬದಲಿಸಿ, ಬಲಗೈಯಲ್ಲಿ ಮರ ಹಿಡಿದು ಎಡಗೈಯಲ್ಲಿ ಎಳೆಯಿರಿ. ಒಂದು ಕೈಯ ಮೇಲೆ ಇನ್ನೊಂದು ಕೈ ಹಾಯಿಸಿ ಹಿಡಿಯುವುದನ್ನು ಬಹಳ ಜನ ಮಾಡುತ್ತಾರೆ. ಬ್ಲೇಡು ಎಳೆದುಕೊಂಡು ಬರುವ ದಾರಿಯಲ್ಲೇ ಅವರ ಮುಂಗೈ ಇರುತ್ತದೆ!

ಮೋಟರು ಪೂರ್ತಿ ವೇಗಕ್ಕೆ ಬರಲಿ, ಆಮೇಲೆ ಎಳೆಯಿರಿ. ಹಲಗೆ ಕೊಯ್ದು ಮುಗಿದ ಕೂಡಲೇ ನಿಲ್ಲಿಸಿ, ಇನ್ನೂ ಮುಂದಕ್ಕೆ ತರಬೇಡಿ. ತೋಳಿನಲ್ಲಿ ಅಷ್ಟಕ್ಕೇ ನಿಲ್ಲುವ ಹಾಗೆ ಒಂದು ತಡೆ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು. ಹಿಂದಕ್ಕೆ ತಳ್ಳಿ, ಫೆನ್ಸಿನ ಹಿಂದೆ ಬಿಡಿ, ಸ್ವಿಚ್ಚು ಆರಿಸಿ, ಬ್ಲೇಡು ನಿಲ್ಲುವ ತನಕ ಕಾಯಿರಿ. ಹಳೆಯ ಮೋಟರುಗಳಿಗೆ ಬ್ರೇಕ್ ಇಲ್ಲದಿದ್ದರೆ ಇದಕ್ಕೆ ತುಂಬಾ ಹೊತ್ತು ಹಿಡಿಯುತ್ತದೆ, ಬೇಜಾರೇ ಬರುತ್ತದೆ. ಕಾಯಿರಿ.

ಮರ ಬಾಗಿದ್ದರೆ ಒಂದೇ ಸೂತ್ರ: ಕೊಯ್ಯುವ ಗೆರೆ ಇರುವ ಜಾಗದಲ್ಲಿ ಮರ ಮೇಜಿಗೂ ತಾಕಿರಬೇಕು, ಫೆನ್ಸಿಗೂ ತಾಕಿರಬೇಕು. ಉಬ್ಬಿದ ಬದಿ ಫೆನ್ಸಿಗೆ ಬರುವ ಹಾಗೆ ಇಟ್ಟರೆ ಕೊಯ್ದ ಬಾಯಿ ತೆರೆದುಕೊಳ್ಳುತ್ತದೆ. ಉಲ್ಟಾ ಇಟ್ಟರೆ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತದೆ. ಫೆನ್ಸಿನ ಬುಡದಲ್ಲಿ ಹೊಟ್ಟು ಕೂತಿದ್ದರೂ ಮರ ಪೂರ್ತಿ ತಾಕುವುದಿಲ್ಲ, ಪ್ರತಿ ಸಲ ಬ್ರಷ್ಷಿನಲ್ಲಿ ಗುಡಿಸಿ. ಕೈಯಲ್ಲಲ್ಲ. ಒಂದೇ ಅಳತೆಗೆ ತುಂಡು ಕೊಯ್ಯಲು ಫೆನ್ಸಿಗೆ ತಡೆಯಾಗಿ ಒಂದು ಮರದ ತುಂಡು ಬಿಗಿಯುವುದಾದರೆ ಒಂದೇ ಬದಿಗೆ ಬಿಗಿಯಿರಿ, ಇನ್ನೊಂದು ಬದಿಯ ತುಂಡು ಜಾರಿಕೊಳ್ಳಲು ಜಾಗ ಇರಲಿ. ಎರಡೂ ಕಡೆ ಸಿಕ್ಕಿಹಾಕಿಕೊಂಡ ತುಂಡು ಬ್ಲೇಡಿಗೆ ಆನಿಕೊಂಡರೆ ಹಾರುತ್ತದೆ.

ಸ್ಲೈಡಿಂಗ್ ಮೈಟರ್ ಸಾ ಬಳಸಿದ ನಿಮ್ಮ ಸ್ನೇಹಿತರು ಯಾರಾದರೂ "ಎಳೀಬೇಡ್ರೀ, ಮುಂದೆ ತಂದು ಹಿಂದಕ್ಕೆ ತಳ್ಳಿ ಕೊಯ್ಯಿ" ಅಂತ ಸಲಹೆ ಕೊಡಬಹುದು. ಆ ಯಂತ್ರಕ್ಕೆ ಅದೇ ಸರಿ. ಅದರ ತಲೆ ಮೇಲೆ ಕೆಳಗೆ ಆಡುತ್ತದೆ, ಎಳೆದರೆ ಮರದ ಮೇಲೆ ಹತ್ತಿ ಬರಬಹುದು, ಅದಕ್ಕೇ ತಳ್ಳುವುದು. ನಮ್ಮದರಲ್ಲಿ ಎತ್ತರ ಬಿಗಿಯಾಗಿರುತ್ತದೆ. ತಳ್ಳಿದರೆ ಹಿಂದಿನ ಅಂಚಿನ ಮೇಲೇಳುವ ಹಲ್ಲು ಮೊದಲು ಮರಕ್ಕೆ ಸಿಗುತ್ತದೆ, ಮರವನ್ನು ಮೇಜಿನಿಂದ ಎತ್ತುತ್ತದೆ. ಎತ್ತಿದ ಮರ, ಅದನ್ನು ಒತ್ತಿ ಹಿಡಿಯಲು ಹೋಗುವ ಕೈ. ಬೇಡ.

ಓರೆ ಕೊಯ್ತಕ್ಕೆ ಜಾಸ್ತಿ ಮಾತು ಬೇಡ. ತೋಳನ್ನು 45 ಡಿಗ್ರಿಗೆ ತಿರುಗಿಸಿ ಕೊಯ್ಯುವಾಗ ಮರ ಫೆನ್ಸಿನ ಉದ್ದಕ್ಕೆ ಜಾರಲು ನೋಡುತ್ತದೆ. ಫೆನ್ಸಿಗೆ ಮರಳು ಕಾಗದ ಅಂಟಿಸಿ, ಜೊತೆಗೆ ಕ್ಲ್ಯಾಂಪೂ ಹಾಕಿ. ನೀವು ಎಳೆದ ಕೆಂಪು ಗೆರೆ ನೇರ ಕೊಯ್ತಕ್ಕೆ ಮಾತ್ರ, ತೋಳು ತಿರುಗಿದ ಮೇಲೆ ಅದಕ್ಕೆ ಅರ್ಥ ಇಲ್ಲ. ಮೋಟರನ್ನೇ ವಾಲಿಸಿ ಅಂಚನ್ನು ಓರೆ ಮಾಡುವಾಗ ಮೊದಲು ತೋಳು ಮೇಲೆತ್ತಿ, ಆಮೇಲೆ ವಾಲಿಸಿ, ಮತ್ತೆ ಇಳಿಸಿ. ಹೆಚ್ಚಿನ ಯಂತ್ರಗಳಲ್ಲಿ ಬ್ಲೇಡಿನ ಮೇಲ್ಭಾಗ ಎಡಕ್ಕೆ ವಾಲುತ್ತದೆ, ಅಂದರೆ ನಿಮ್ಮ ಎಡಗೈಯ ಮೇಲಕ್ಕೇ ಬರುತ್ತದೆ. ಇನ್ನೊಂದು ಗೇಣು ದೂರ ಹಿಡಿಯಿರಿ. ಕರೆಂಟು ಇಲ್ಲದೆ ಒಂದು ಸಲ ಪೂರ್ತಿ ಎಳೆದು ನೋಡಿ, ಗಾರ್ಡೋ ಮೋಟರೋ ಎಲ್ಲಾದರೂ ತಾಕುತ್ತದಾ ಅಂತ. ನಿಜ ಹೇಳಬೇಕೆಂದರೆ ಚೌಕಟ್ಟಿನ ಮೂಲೆಗಳಿಗೆ ನಾನು ಈ ಯಂತ್ರ ಬಳಸುವುದೇ ಇಲ್ಲ. ತೋಳು ಒಮ್ಮೆ ತಿರುಗಿಸಿದರೆ ಮತ್ತೆ 90ಕ್ಕೆ ಸರಿಯಾಗಿ ಕೂರಿಸಲು ಅರ್ಧ ಬೆಳಗ್ಗೆ ಹೋಗುತ್ತದೆ.

ತೋಡಿನ ವಿಷಯ ಬೇರೆ. ಕಪಾಟಿನ ಪಕ್ಕದ ಹಲಗೆಯಲ್ಲಿ ಅಡ್ಡ ತೋಡು ತೆಗೆದು ತಟ್ಟುಗಳನ್ನು ಕೂರಿಸುತ್ತೀರಲ್ಲ, ಅದಕ್ಕೆ ಇದು ಹೇಳಿ ಮಾಡಿಸಿದ್ದು. ಹಲಗೆಯ ಮೇಲಿನ ಪೆನ್ಸಿಲ್ ಗೆರೆ ಕಣ್ಣಿಗೆ ಕಾಣುತ್ತಿರುತ್ತದೆ. ಡೇಡೋ ಅಂತ ಬರುವ ಬ್ಲೇಡಿನ ಕಟ್ಟು 8 ಇಂಚಿನದ್ದು ಸಾಕು. ಆದರೆ ಅಗಲ ಬ್ಲೇಡು ಅಂದರೆ ಕಚ್ಚುವ ಹಲ್ಲು ಜಾಸ್ತಿ, ಓಡಿ ಬರುವ ಬಲವೂ ಜಾಸ್ತಿ. ಬೇಕಾದ ಆಳವನ್ನು ಒಂದೇ ಸಲಕ್ಕೆ ತೆಗೆಯಬೇಡಿ. ಒಂದು ಸಲಕ್ಕೆ 3 ಮಿಲಿಮೀಟರ್, ಮತ್ತೆ ತಗ್ಗಿಸಿ ಇನ್ನೊಂದು 3. ಹಲಗೆಗೆ ಕ್ಲ್ಯಾಂಪು ಕಡ್ಡಾಯ. ಮೊದಲ ಕಪಾಟಿಗೆ ಇದೂ ಬೇಡ, ಮಾಮೂಲಿ ಬ್ಲೇಡಿನಲ್ಲೇ ಆಳ ಕಮ್ಮಿ ಇಟ್ಟು ಪಕ್ಕಪಕ್ಕ ಏಳೆಂಟು ಸಲ ಎಳೆದು, ಉಳಿದ ಎಳೆಗಳನ್ನು ಉಳಿಯಲ್ಲಿ ತೆಗೆದರೆ ಅದೇ ತೋಡು ಆಗುತ್ತದೆ. ಮಣೆ ಮಾಡಿದ ಕೈಗೆ ಉಳಿ ಹೊಸದಲ್ಲ ಅಲ್ವಾ? ಮೌಲ್ಡಿಂಗ್ ತಲೆ ಅಂತ ಅಜ್ಜನ ಡಬ್ಬಿಯಲ್ಲಿ ಏನಾದರೂ ಸಿಕ್ಕಿದರೆ, ಮೂರು ಚೂರಿ ಕೂರಿಸಿದ ಕಬ್ಬಿಣದ ಗುಂಡಿಯ ಹಾಗೆ ಇರುತ್ತದೆ, ಅದನ್ನು ಮುಟ್ಟಲೇಬೇಡಿ. ದೇವರ ಮಂಟಪದ ಅಂಚಿನ ಚಿತ್ತಾರಕ್ಕೆ ರೂಟರ್ ಅನ್ನುವ, ಅಂಚು ಕೆತ್ತುವ ಕೈಯಂತ್ರ ಇದೆ.

ಇನ್ನು ಉದ್ದಕ್ಕೆ ಸೀಳುವುದು. ಇದನ್ನು ಈ ಯಂತ್ರದಲ್ಲಿ ಮಾಡಬೇಡಿ ಅಂತಲೇ ನನ್ನ ಸಲಹೆ. ಆದರೂ ಯಾಕೆ ಅಂತ ಗೊತ್ತಿರಬೇಕು. ಒಂದು ದಿನ ಮನೆಯಲ್ಲಿ ಬೇರೆ ಗರಗಸ ಇರುವುದಿಲ್ಲ, ನೀವು ಮಾಡಿಯೇ ಮಾಡುತ್ತೀರಿ.

ಸೀಳುವಾಗ ಮೋಟರನ್ನು ತಿರುಗಿಸಿ ಬ್ಲೇಡು ಫೆನ್ಸಿಗೆ ಸಮಾನಾಂತರ ನಿಲ್ಲುವ ಹಾಗೆ ಬಿಗಿಯುತ್ತಾರೆ. ಈಗ ಬ್ಲೇಡು ನಿಂತಲ್ಲೇ ತಿರುಗುತ್ತದೆ, ಮರ ಓಡುತ್ತದೆ. ಮರ ಎರಡು ಕಡೆಯಿಂದ ಒಳಗೆ ಹೋಗಬಹುದು, ಒಂದು ಕಡೆ ಮಾತ್ರ ಸರಿ. ಹಲ್ಲಿನ ಓಟಕ್ಕೆ ಎದುರಾಗಿ, ಅಂದರೆ ತಳದ ಹಲ್ಲು ನಿಮ್ಮ ಕಡೆಗೆ ಬರುತ್ತಿರುವ ಬದಿಯಿಂದ ಕೊಡಬೇಕು. ಬ್ಲೇಡು ಕಂಬದ ಕಡೆಗೆ ಮುಖ ಮಾಡಿದ್ದರೆ ಹೆಚ್ಚಿನ ಯಂತ್ರಗಳಲ್ಲಿ ಬಲದಿಂದ ಎಡಕ್ಕೆ, ನಿಮ್ಮ ಕಡೆಗೆ ಮುಖ ಮಾಡಿದ್ದರೆ ಎಡದಿಂದ ಬಲಕ್ಕೆ. ಇದನ್ನೂ ನೆನಪಿನ ಮೇಲೆ ಬಿಡಬೇಡಿ, ಪ್ರತಿ ಸಲ ಬಾಣ ನೋಡಿ.

ತಪ್ಪು ಕಡೆಯಿಂದ ಕೊಟ್ಟರೆ ಏನಾಗುತ್ತದೆ? ಇಳಿಯುವ ಹಲ್ಲು ಮರವನ್ನು ಹಿಡಿದು ಆ 165 ಕಿಲೋಮೀಟರ್ ವೇಗದಲ್ಲಿ ಆಚೆಗೆ ಎಸೆಯಲು ನೋಡುತ್ತದೆ. ಹಲಗೆ ಗೋಡೆಗೆ ಬಾಣದ ಹಾಗೆ ಹೋಗುತ್ತದೆ. ಅದನ್ನು ತಳ್ಳುತ್ತಿದ್ದ ಕೈ ಹಲಗೆಯ ಹಿಂದೆಯೇ ಬ್ಲೇಡಿಗೆ ಹೋಗುತ್ತದೆ. ಈ ಯಂತ್ರದಲ್ಲಿ ಆಗಬಹುದಾದ ಅತಿ ಕೆಟ್ಟ ಅನಾಹುತ ಇದೇ. ಓಶಾ ನಿಯಮದಲ್ಲಿ ಗಾರ್ಡಿನ ಹಿಂಬದಿಗೆ "ಅಪಾಯ: ಈ ತುದಿಯಿಂದ ಸೀಳಬೇಡಿ, ತೋಡಬೇಡಿ" ಅನ್ನುವ ಅರ್ಥದ ಪಟ್ಟಿ ಶಾಶ್ವತವಾಗಿ ಅಂಟಿಸಬೇಕು ಅಂತಲೇ ಇದೆ. ನಿಮ್ಮ ಯಂತ್ರದ ಪಟ್ಟಿ ಕಿತ್ತು ಹೋಗಿದ್ದರೆ ಕನ್ನಡದಲ್ಲೇ ಬರೆದು ಅಂಟಿಸಿ.

ಸರಿಯಾದ ಕಡೆಯಿಂದ ಕೊಟ್ಟರೂ ಸುಖ ಇಲ್ಲ. ಮರಕ್ಕೆ ಮೊದಲು ಸಿಗುವುದು ಮೇಲೇಳುವ ಹಲ್ಲು. ಅದು ಮರವನ್ನು ಮೇಜಿನಿಂದ ಎತ್ತುತ್ತದೆ. ಸೀಳಿದ ಬಾಯಿ ಮುಚ್ಚಿಕೊಂಡು ಬ್ಲೇಡನ್ನು ಹಿಸುಕಿದರೆ ಮರ ನಿಮ್ಮ ಮೇಲೆಯೇ ವಾಪಸು ಚಿಮ್ಮುತ್ತದೆ. ಇದಕ್ಕೆ ಮೂರು ಕಾವಲು ಇವೆ. ಗಾರ್ಡಿನ ಮೂಗು, ಮರ ಒಳಹೋಗುವ ಕಡೆ ಅದನ್ನು ಮರದ ಮೇಲೆ 3 ಮಿಲಿಮೀಟರ್ ಅಂತರಕ್ಕೆ ತಗ್ಗಿಸಬೇಕು. ಮರ ಹೊರಬರುವ ಕಡೆ, ಸೀಳಿದ ಬಾಯೊಳಗೆ ನಿಂತು ಅದನ್ನು ಮುಚ್ಚದ ಹಾಗೆ ನೋಡಿಕೊಳ್ಳುವ ತಗಡು. ಅದರ ಪಕ್ಕದಲ್ಲೇ ನೇತಾಡುವ ಚೂಪು ಉಗುರುಗಳು, ಮರ ಮುಂದೆ ಹೋಗಲು ಬಿಡುತ್ತವೆ, ಹಿಂದೆ ಬಂದರೆ ಕಚ್ಚಿ ನಿಲ್ಲಿಸುತ್ತವೆ. ಉಗುರಿರುವ ಬದಿಯಿಂದ ಮರ ಕೊಡುವುದು ಅಂದರೆ ಅದೇ ತಪ್ಪು ಬದಿ. ಈ ಮೂರರಲ್ಲಿ ಒಂದು ಕಳೆದು ಹೋಗಿದ್ದರೂ ಸೀಳುವ ಮಾತೇ ಬೇಡ. ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಉಗುರಿನ ಭಾಗವೇ ಇರುವುದಿಲ್ಲ, ಯಾರೋ ಅಡ್ಡ ಬರುತ್ತದೆ ಅಂತ ಬಿಚ್ಚಿಟ್ಟಿರುತ್ತಾರೆ.

ಎಲ್ಲಾ ಇದ್ದರೂ, ತೋಳು, ಮೋಟರು, ಗಾಲಿ ಮೂರರ ಬೀಗವನ್ನೂ ಕೈಯಲ್ಲಿ ಅಲ್ಲಾಡಿಸಿ ನೋಡಿ. ಒಂದು ಅಡಿಗಿಂತ ಗಿಡ್ಡ ತುಂಡು ಬೇಡ, ಸೊಟ್ಟ ಅಂಚಿನ ಹಲಗೆ ಬೇಡ. ಕೊನೆಯ ಒಂದು ಅಡಿಯನ್ನು ಕೋಲಿನಲ್ಲಿ ತಳ್ಳಿ, ಬ್ಲೇಡು ಪೂರ್ತಿ ದಾಟುವ ತನಕ ತಳ್ಳಿ, ನಡುವೆ ಬಿಡಬೇಡಿ. ಆಚೆ ಬದಿಯಲ್ಲಿ ಯಾರಾದರೂ ನಿಂತು ಮರ ಹಿಡಿದು ಎಳೆಯುವುದೂ ಬೇಡ. ಇಷ್ಟೆಲ್ಲಾ ಓದಿದ ಮೇಲೆ, ಕಪಾಟಿಗೆ ಬೇಕಾದ ಅಗಲಕ್ಕೆ ಮರದ ಅಂಗಡಿಯಲ್ಲೇ ಸೀಳಿಸಿ ತರುವುದು ವಾಸಿ ಅನ್ನಿಸಿದರೆ, ನಾನೂ ಅದನ್ನೇ ಮಾಡುತ್ತೇನೆ.

ಮೈಮೇಲಿನ ವಿಷಯ. ಕೈಗವಸು ಹಾಕಬೇಡಿ, ಹಲ್ಲಿಗೆ ದಾರ ಸಿಕ್ಕಿದರೂ ಕೈಯೇ ಒಳಗೆ ಹೋಗುತ್ತದೆ. ಅದೇ ಕಾರಣಕ್ಕೆ ಬಳೆ, ಉಂಗುರ, ದುಪಟ್ಟಾ, ಸ್ವೆಟರಿನ ಉದ್ದ ತೋಳು ಎಲ್ಲಾ ತೆಗೆದಿಟ್ಟು ಬನ್ನಿ. ಜಡೆಯನ್ನು ಸುತ್ತಿ ತುರುಬು ಕಟ್ಟಿ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಮೂಗಿಗೆ ಒಳ್ಳೆಯ ಮಾಸ್ಕ್. ಈ ಯಂತ್ರ ಹೊಟ್ಟನ್ನು ಹಿಂಬದಿಗೆ ಗ್ಯಾರೇಜಿಗೆಲ್ಲಾ ಎರಚುತ್ತದೆ, ಪ್ಲೈವುಡ್ಡಿನ ಧೂಳಂತೂ ಕೆಟ್ಟದ್ದು.

ನೀವು ಕೇಳಿಲ್ಲ, ಆದರೆ ಇಂಥ ಪ್ರಶ್ನೆ ಆಗಾಗ ಬರುತ್ತದೆ: ವಾಪಸು ಬರುವಾಗ ಇದನ್ನು ಊರಿಗೆ ತರಬಹುದಾ? ಬೇಡ. ಅಲ್ಲಿನ ಕರೆಂಟು 60 ಹರ್ಟ್ಸ್, ನಮ್ಮದು 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಸರಿ ಮಾಡುತ್ತದೆ, ಹರ್ಟ್ಸನ್ನಲ್ಲ. ಮೋಟರು ಆರನೇ ಒಂದು ಪಾಲು ನಿಧಾನ ತಿರುಗುತ್ತದೆ, ಬಿಸಿಯೂ ಆಗುತ್ತದೆ. ಹಡಗಿನ ಬಾಡಿಗೆ ಬೇರೆ.

ಕೊನೆಗೆ ನಿಮ್ಮ ಮಗ. ನೋಡಲಿ, ತಪ್ಪೇನಿಲ್ಲ. ಆದರೆ ಬ್ಲೇಡಿನ ಸಾಲಿಗೆ ನೇರ ನಿಲ್ಲಬಾರದು, ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ನಿಮ್ಮ ಬೆನ್ನ ಹಿಂದೆ, ಎಡಕ್ಕೆ ಎರಡು ಮಾರು ದೂರದಲ್ಲಿ ಒಂದು ಸ್ಟೂಲು ಹಾಕಿ ಕೂರಿಸಿ. ಅವನಿಗೂ ಕನ್ನಡಕ, ಕಿವಿಮುಚ್ಚಳ. ಬ್ಲೇಡು ತಿರುಗುವಾಗ ನಿಮ್ಮನ್ನು ಕರೆಯಬಾರದು, ಭುಜ ಮುಟ್ಟಬಾರದು. ಎಷ್ಟೇ ಅರ್ಜೆಂಟಿದ್ದರೂ ಅದು ನಿಲ್ಲುವ ತನಕ ಕಾಯಬೇಕು. ಹೊಟ್ಟು ಗುಡಿಸುವ ಕೆಲಸ, ಪ್ಲಗ್ ಕಿತ್ತ ಮೇಲೆ, ಅವನಿಗೆ ಕೊಡಿ. ಆ ಕಾಲದ ಬಹಳಷ್ಟು ಯಂತ್ರಗಳ ಸ್ವಿಚ್ಚಿನಲ್ಲಿ ಎಳೆದು ತೆಗೆಯುವ ಒಂದು ಸಣ್ಣ ಕೀ ಇರುತ್ತದೆ. ಕೆಲಸ ಮುಗಿದ ಮೇಲೆ ಅದು ಗ್ಯಾರೇಜಿನಲ್ಲಿ ಇರಬಾರದು, ನಿಮ್ಮ ಮನೆಯ ಬೀಗದ ಕೈ ಗೊಂಚಲಿಗೆ ಸೇರಿಸಿಕೊಳ್ಳಿ.